ಊರಂಚಿನ ಹೊಲ, ಊರೊಳಗಿನ ಅಡುಗೆಮನೆ: ಮೈಸೂರು–ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ರೈತರಿಂದ ನೇರವಾಗಿ ಕೊಳ್ಳುವ, ಕೊಡಿಸುವ ಕೆಲಸದಲ್ಲಿ ಓಡಾಡುವ ನಮ್ಮಂಥವರಿಗೆ ಸಂತೆಯಲ್ಲಿ, ಮದುವೆಮನೆಯಲ್ಲಿ, ಫೋನಿನಲ್ಲಿ, ಕಾಗದದಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆಡಿಸುವಂಥವು ಆಮೇಲೆ. ಬೇಕಾದ್ದನ್ನಷ್ಟೇ ಓದಿಕೊಳ್ಳಿ.

## ಶುರುವಿನ ಪ್ರಶ್ನೆಗಳು

ನಾವು ಪೇಟೆಯವರು. ದುಡ್ಡು ಕೊಟ್ಟು ತರಕಾರಿ ತಗೋತೀವಿ. ಅದಕ್ಕಿಂತ ಜಾಸ್ತಿ ಇನ್ನೇನು ಮಾಡಬೇಕು?

ತಪ್ಪದೆ ಕೊಳ್ಳಿ. ಅಷ್ಟೇ ಸಾಕು, ಆದರೆ ಅದೇ ಕಷ್ಟ. ವರ್ಷಕ್ಕೊಮ್ಮೆ ಮೇಳಕ್ಕೆ ಹೋಗಿ ಎರಡು ಸಾವಿರ ರೂಪಾಯಿಯ ಸಾಮಾನು ತರುವ ಗಿರಾಕಿಗಿಂತ, ವಾರ ವಾರ ಇನ್ನೂರು ರೂಪಾಯಿಯ ಸೊಪ್ಪು ತರಕಾರಿ ಕೊಳ್ಳುವ ಮನೆ ರೈತನಿಗೆ ಹೆಚ್ಚು ಬೇಕು. ಇವತ್ತು ದಂಟು ಬಿತ್ತುವವನು ಮುಂದಿನ ತಿಂಗಳು ಅದನ್ನು ಯಾರು ಕೊಳ್ಳುತ್ತಾರೆ ಅಂತ ಇವತ್ತೇ ಯೋಚಿಸಬೇಕು. ಗೊತ್ತಿಲ್ಲದಿದ್ದರೆ ಮಂಡಿಗೆ ಹಾಕಿ, ಬಂದಷ್ಟು ತೆಗೆದುಕೊಂಡು ಬರುತ್ತಾನೆ. ರಿಸರ್ವ್ ಬ್ಯಾಂಕಿನವರ 2024ರ ಒಂದು ಅಧ್ಯಯನದ ಪ್ರಕಾರ, ಗಿರಾಕಿ ಟೊಮೆಟೊಗೆ ಕೊಡುವ ಒಂದು ರೂಪಾಯಿಯಲ್ಲಿ ರೈತನ ಕೈಗೆ ಹೋಗುವುದು ಸುಮಾರು 33 ಪೈಸೆ. ಈರುಳ್ಳಿಗೆ 36, ಆಲೂಗಡ್ಡೆಗೆ 37. ಉಳಿದದ್ದು ಸಾಗಣೆ, ಕೂಲಿ, ಕೊಳೆತು ಹೋಗುವುದು, ಮಧ್ಯದವರ ಲಾಭ. ನೀವು ಹತ್ತಿರದಿಂದ ಕೊಂಡರೆ ಇದರಲ್ಲಿ ಒಂದಿಷ್ಟು ಉಳಿಯುತ್ತದೆ. ಎಲ್ಲವೂ ಉಳಿಯುವುದಿಲ್ಲ.

ಸಣ್ಣ ರೈತ ಅಂದ್ರೆ ಯಾರು? ಎರಡು ಎಕರೆ ಇದ್ರೆ ಸಣ್ಣವನಾ?

ಸರ್ಕಾರದ ಲೆಕ್ಕದಲ್ಲಿ ಒಂದು ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆಯೊಳಗೆ ಇದ್ದರೆ ಅತಿ ಸಣ್ಣ ರೈತ. ಐದು ಎಕರೆವರೆಗೆ ಸಣ್ಣ ರೈತ. ಮಂಡ್ಯದಲ್ಲಿ ಅಣ್ಣತಮ್ಮಂದಿರು ಪಾಲಾಗಿ ಪಾಲಾಗಿ ಈಗ ಮಾತೆಲ್ಲ ಗುಂಟೆಯಲ್ಲೇ ನಡೆಯುತ್ತದೆ. ಎಕರೆಗೆ ನಲವತ್ತು ಗುಂಟೆ. ಇಪ್ಪತ್ತು ಗುಂಟೆ ನಾಲೆ ಬಯಲಿನ ಗದ್ದೆ ಇದ್ದವನೂ ರೈತನೇ, ನಾಗಮಂಗಲದ ಕಡೆ ಮೂರು ಎಕರೆ ಬರೀ ಮಳೆ ನಂಬಿದ ಖುಷ್ಕಿ ಇದ್ದವನೂ ರೈತನೇ. ಇಬ್ಬರಲ್ಲಿ ಯಾರು ಬಡವ ಅಂತ ಎಕರೆ ನೋಡಿ ಹೇಳಲಾಗದು.

ದೇವರಾಜ ಮಾರ್ಕೆಟ್ಟಲ್ಲಿ ಕೊಂಡ್ರೆ ರೈತರ ಹತ್ರ ಕೊಂಡ ಹಾಗೇ ಅಲ್ವಾ?

ಅಲ್ಲ. ಅಲ್ಲಿರುವವರು ಬಹುತೇಕ ವ್ಯಾಪಾರಿಗಳು. ತಲೆಮಾರಿನಿಂದ ಅದೇ ಕಸುಬು ಮಾಡಿಕೊಂಡು ಬಂದವರು, ಅವರ ಮೇಲೆ ನಮಗೇನೂ ಸಿಟ್ಟಿಲ್ಲ. ರೈತರು ಸಿಗುವುದು ಬೆಳಗಿನ ಜಾವ, ಮಾರುಕಟ್ಟೆಯ ಅಂಚಿನಲ್ಲಿ, ಬಡಾವಣೆ ಸಂತೆಗಳಲ್ಲಿ, ಊರಿಗೆ ಬರುವ ರಸ್ತೆಗಳ ಪಕ್ಕದಲ್ಲಿ.

ಗುರುತಿಸಲು ಸುಲಭದ ದಾರಿ ಇದೆ. ಮುಂದೆ ಹರಡಿಕೊಂಡಿರುವುದನ್ನು ನೋಡಿ. ಊಟಿ ಕ್ಯಾರೆಟ್ಟು, ಹಾಸನದ ಆಲೂಗಡ್ಡೆ, ಕೋಸು, ಬೀನ್ಸು ಎಲ್ಲ ಒಟ್ಟಿಗೆ ಇದ್ದರೆ ಅವರು ಮಂಡಿಯಿಂದ ತಂದು ಮಾರುವವರು. ಎರಡೇ ಬಗೆ ಸೊಪ್ಪು, ಒಂದು ಮಂಕರಿ ಬದನೆ, ಜೊತೆಗೆ ನಾಲ್ಕು ಪಪ್ಪಾಯ ಇಟ್ಟುಕೊಂಡು ಕೂತಿದ್ದರೆ ಅದು ಅವರ ಹೊಲದ್ದೇ ಇರಬೇಕು. ಅನುಮಾನ ಇದ್ದರೆ "ಯಾವೂರಮ್ಮ, ಮುಂದಿನ ವಾರ ಏನು ತರ್ತೀರಾ?" ಅಂತ ಕೇಳಿ. ಬೆಳೆದವರಿಗೆ ಮುಂದಿನ ವಾರದ ಉತ್ತರ ಗೊತ್ತಿರುತ್ತದೆ.

ಎಲ್ಲಾ ಒಂದೇ ಸಲ ಬದಲಾಯಿಸೋಕಾಗಲ್ಲ. ಯಾವುದರಿಂದ ಶುರು ಮಾಡಲಿ?

ರಾಗಿಯಿಂದ. ಯೋಚನೆಯೇ ಬೇಡ.

ಕಾರಣ ಹೇಳುತ್ತೇನೆ. ಭತ್ತಕ್ಕೆ ಅಕ್ಕಿ ಗಿರಣಿ ಬೇಕು. ನವಣೆ, ಸಾಮೆಗೆ ಸಿಪ್ಪೆ ಬಿಡಿಸುವ ಯಂತ್ರ ಬೇಕು. ತರಕಾರಿ ಎರಡು ದಿನಕ್ಕೆ ಬಾಡುತ್ತದೆ. ರಾಗಿಗೆ ಇದ್ಯಾವುದೂ ಬೇಡ. ಮೂಟೆ ತಂದು ಕ್ಲೀನ್ ಮಾಡಿ, ಬೀದಿಯ ಹಿಟ್ಟಿನ ಗಿರಣಿಯಲ್ಲಿ ಬೀಸಿಸಿದರೆ ಮುಗಿಯಿತು. ಹುಳ ಹಿಡಿಯುವುದು ತೀರಾ ಕಡಿಮೆ. ಹಿಂದೆ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ವರ್ಷಗಟ್ಟಲೆ ಇಡುತ್ತಿದ್ದರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಅದಲ್ಲದೆ ಇದು ನಮ್ಮದೇ ನೆಲದ ಬೆಳೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಕೆಲಸ ಮಾಡಿದ ಡಾ. ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ 'ಇಂಡಾಫ್' ತಳಿಗಳನ್ನು ಕೊಟ್ಟರು. 'ರಾಗಿ ಲಕ್ಷ್ಮಣಯ್ಯ' ಅಂತಲೇ ಜನ ಅವರನ್ನು ಕರೆದದ್ದು.

ಕೊಯ್ಲು ನವೆಂಬರ್, ಡಿಸೆಂಬರಿನಲ್ಲಿ. ಸಂಕ್ರಾಂತಿ ಹೊತ್ತಿಗೆ ವರ್ಷದ್ದು ಒಟ್ಟಿಗೆ ಕೊಂಡುಬಿಡಿ. ಬೆಲೆ ಎಷ್ಟು ಅಂತ ಗೊಂದಲ ಆದರೆ ಕೇಂದ್ರದ ಬೆಂಬಲ ಬೆಲೆ ನೋಡಿ, 2025–26ಕ್ಕೆ ಕ್ವಿಂಟಲ್‌ಗೆ 4,886 ರೂಪಾಯಿ. ಅದಕ್ಕಿಂತ ಕೆಳಗೆ ಚೌಕಾಶಿ ಮಾಡಬೇಡಿ. ಒಂದು ಎಚ್ಚರ: ಟಾರು ರಸ್ತೆ ಮೇಲೆ ಹರಡಿ, ವಾಹನ ಹಾಯಿಸಿ ಒಕ್ಕಿದ ರಾಗಿಯಲ್ಲಿ ಕಲ್ಲು ಮಣ್ಣು ಜಾಸ್ತಿ. ಕಣದಲ್ಲೋ ಟಾರ್ಪಾಲಿನ ಮೇಲೋ ಒಕ್ಕಿದ್ದಾ ಅಂತ ಕೇಳಿ ತಗೊಳ್ಳಿ.

ಯಾವ ಕಾಲದಲ್ಲಿ ಏನು ಸಿಗುತ್ತೆ? ಅಂಗಡೀಲಿ ಎಲ್ಲಾ ಯಾವಾಗ್ಲೂ ಇರುತ್ತಲ್ಲ.

ಅಂಗಡಿಯಲ್ಲಿ ಇರುತ್ತದೆ, ಹೊಲದಲ್ಲಿ ಇರುವುದಿಲ್ಲ. ಚಳಿ ಶುರುವಾದರೆ ಅವರೆಕಾಯಿ. ಸೊಗಡು ಇರುವ ಅವರೆ ಬೇಕಂದರೆ ಡಿಸೆಂಬರ್, ಜನವರಿಯೇ ಸರಿ. ಆ ಎರಡು ತಿಂಗಳು ಮನೆಯಲ್ಲಿ ಹಿತಕಿದ ಬೇಳೆ ಸಾರು ಮಾಡದಿದ್ದರೆ ನೀವು ಮೈಸೂರಿನಲ್ಲಿ ಇದ್ದೂ ಇಲ್ಲದ ಹಾಗೆ. ಸಂಕ್ರಾಂತಿ ಸುತ್ತ ಗೆಣಸು, ಕಬ್ಬು, ಕಡಲೆಕಾಯಿ. ಏಪ್ರಿಲ್‌ನಿಂದ ಮಾವು, ಮೇ ಜೂನಿಗೆ ಹಲಸು. ಮುಂಗಾರು ಬಿದ್ದ ಮೇಲೆ ಹೊಲದಲ್ಲಿ ತಾನಾಗಿ ಏಳುವ ಬೆರಕೆ ಸೊಪ್ಪು: ಅಣ್ಣೆ, ಗಣಿಕೆ, ಹೊನಗೊನೆ. ಇವನ್ನು ಯಾರೂ ಬಿತ್ತುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ಕಳೆನಾಶಕ ಬಂದ ಮೇಲೆ ಕಡಿಮೆಯಾಗಿವೆ, ನಿಜ. ಆದರೂ ಒಂದು ಕಂತೆ ಬೆರಕೆ ಸೊಪ್ಪು ಸಿಕ್ಕರೆ ಬಸ್ಸಾರಿಗೋ ಮಸ್ಸೊಪ್ಪಿಗೋ ಬೇರೆ ತರಕಾರಿ ಬೇಕಿಲ್ಲ.

ಹಾಲೂ ನೇರವಾಗಿ ರೈತರಿಂದ ತಗೋಬೇಕಾ?

ಬೇಕಂತೇನಿಲ್ಲ. ಹಾಲಿನಲ್ಲಿ ಈ ಕೆಲಸ ಆಗಲೇ ಆಗಿದೆ. ಊರೂರಿನ ಡೈರಿ, ಅದರ ಮೇಲೆ ಜಿಲ್ಲೆಯ ಹಾಲು ಒಕ್ಕೂಟಗಳಾದ ಮೈಮುಲ್, ಮನ್ಮುಲ್, ಅದರ ಮೇಲೆ ಕೆಎಂಎಫ್. ಎರಡು ಹಸು ಇಟ್ಟುಕೊಂಡ ಹೆಣ್ಣುಮಗಳಿಗೂ ದಿನಕ್ಕೆ ಎರಡು ಹೊತ್ತು ಗಿರಾಕಿ ಗ್ಯಾರಂಟಿ. ತರಕಾರಿಗೂ ಹೀಗೇ ಆಗಿದ್ದರೆ ಈ ಪ್ರಶ್ನೋತ್ತರವೇ ಬೇಕಿರಲಿಲ್ಲ.

## ಕೊಳ್ಳುವಾಗ ಹುಟ್ಟುವ ಅನುಮಾನಗಳು

ನೇರವಾಗಿ ಕೊಂಡ್ರೆ ಅಗ್ಗ ಆಗಬೇಕಲ್ವಾ? ನೀವು ಸೂಪರ್ ಮಾರ್ಕೆಟ್‌ಗಿಂತ ಜಾಸ್ತಿ ಹೇಳ್ತೀರಲ್ಲ?

ಕೆಲವು ಸಲ ಅಗ್ಗ, ಕೆಲವು ಸಲ ದುಬಾರಿ. ಬೆಲೆ ಇಡೀ ಹಂಗಾಮಿಗೆ ಒಂದೇ ಇರಲಿ ಅನ್ನುವುದು ನಮ್ಮ ಬೇಡಿಕೆ. 2023ರ ಜುಲೈ ನೆನಪಿರಬೇಕು. ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿತ್ತು. ಸೆಪ್ಟೆಂಬರ್ ಹೊತ್ತಿಗೆ ಕಿತ್ತ ಕೂಲಿಯೂ ಹುಟ್ಟದೆ ರೈತರು ರಸ್ತೆಗೆ ಸುರಿದರು. ಎರಡೂ ಕಾಲದಲ್ಲಿ ಒಂದೇ ದರ ಅಂತ ಮೊದಲೇ ಮಾತಾಡಿಕೊಂಡಿದ್ದರೆ ನಿಮಗೂ ಉಳಿತಾಯ, ಅವರಿಗೂ ನಿದ್ದೆ. ಆದರೆ ಎರಡೂ ಕಡೆ ಆಸೆ ಎಳೆಯುತ್ತದೆ. ಪೇಟೆಯಲ್ಲಿ ಹತ್ತು ರೂಪಾಯಿಗೆ ಸಿಗುವಾಗ ನೀವು ಇಪ್ಪತ್ತೈದು ಕೊಡಬೇಕು. ಮಂಡಿಯಲ್ಲಿ ಎಂಬತ್ತು ಇರುವಾಗ ಅವರು ನಿಮಗೆ ಇಪ್ಪತ್ತೈದಕ್ಕೇ ಕೊಡಬೇಕು. ಮೊದಲು ಕೈಬಿಡುವವರು ಸಾಮಾನ್ಯವಾಗಿ ಪೇಟೆಯವರೇ.

"ಸಾವಯವ" ಅಂತ ಬೋರ್ಡ್ ಹಾಕ್ಕೊಂಡಿರ್ತಾರೆ. ನಂಬೋದು ಹೇಗೆ?

ಪ್ಯಾಕೆಟ್ಟಿನಲ್ಲಿ ಬರುವುದಾದರೆ ಮುದ್ರೆ ನೋಡಿ. 'ಜೈವಿಕ್ ಭಾರತ್'ನಂಥ ಸರ್ಕಾರಿ ಸಾವಯವ ಚಿಹ್ನೆ ಇರಬೇಕು. ಅದರ ಹಿಂದೆ ಎರಡು ಬಗೆಯ ಪ್ರಮಾಣಪತ್ರ ಇದೆ. ಒಂದು ಎನ್‌ಪಿಒಪಿ. ಹೊರಗಿನ ಸಂಸ್ಥೆ ಬಂದು ತಪಾಸಣೆ ಮಾಡುತ್ತದೆ, ಖರ್ಚು ಜಾಸ್ತಿ, ರಫ್ತಿಗೂ ನಡೆಯುತ್ತದೆ. ಇನ್ನೊಂದು ಪಿಜಿಎಸ್. ಕನಿಷ್ಠ ಐದು ರೈತರು ಗುಂಪು ಮಾಡಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಸಹಿ ಹಾಕುವುದು. ಪಿಜಿಎಸ್‌ನಲ್ಲಿ 'ಗ್ರೀನ್' ಅಂತ ಇದ್ದರೆ ಇನ್ನೂ ಬದಲಾವಣೆಯ ಹಾದಿಯಲ್ಲಿದ್ದಾರೆ ಅಂತ ಅರ್ಥ, 'ಆರ್ಗ್ಯಾನಿಕ್' ಅಂದರೆ ಪೂರ್ತಿ ಮುಗಿಸಿದ್ದಾರೆ ಅಂತ. ಎನ್‌ಪಿಒಪಿ ಲೆಕ್ಕದಲ್ಲಿ ರಾಗಿ ಭತ್ತದಂಥ ಬೆಳೆಗೆ ಎರಡು ವರ್ಷ, ತೆಂಗು ಮಾವಿನಂಥವಕ್ಕೆ ಮೂರು ವರ್ಷ ಕಾಯಬೇಕು.

ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗೆ ವಹಿವಾಟು ಇರುವ ಸಣ್ಣ ಬೆಳೆಗಾರ ನೇರವಾಗಿ ಗಿರಾಕಿಗೆ ಮಾರುವಾಗ ಈ ಪ್ರಮಾಣಪತ್ರ ಕಡ್ಡಾಯ ಇಲ್ಲ. 2017ರ ನಿಯಮವೇ ಹಾಗೆ ಹೇಳುತ್ತದೆ. ಹಾಗಾಗಿ ನೀವು ಸಂತೆಯಲ್ಲಿ ನೋಡುವ ಬಹುಪಾಲು ಜನರ ಹತ್ತಿರ ಕಾಗದ ಇರುವುದಿಲ್ಲ. ಅಲ್ಲಿ ಕಾಗದದ ಬದಲು ಹೊಲವನ್ನೇ ನೋಡಬೇಕು. ಒಂದು ಭಾನುವಾರ ಹೋಗಿ. ಬದುವಿನಲ್ಲಿ ಮರ ಇದೆಯಾ? ದನವೋ ಕುರಿಯೋ ಇದೆಯಾ, ಇಲ್ಲದಿದ್ದರೆ ಗೊಬ್ಬರ ಎಲ್ಲಿಂದ ತರುತ್ತಾರೆ? ಬನ್ನೂರಿನ ಕಡೆ ಹೊಲದಲ್ಲಿ ಕುರಿ ಮಂದೆ ನಿಲ್ಲಿಸುವ ರೂಢಿ ಇನ್ನೂ ಇದೆ. ರಾಗಿ ಮಧ್ಯೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳಿನ ಅಕ್ಕಡಿ ಸಾಲು ಕಂಡರೆ ನನಗೆ ಅರ್ಧ ನಂಬಿಕೆ ಬರುತ್ತದೆ. ಇನ್ನರ್ಧ, ಅವರು "ಈ ಸಲ ಬದನೆಗೆ ಹುಳ ಜಾಸ್ತಿಯಾಗಿ ಒಂದು ಸಲ ಔಷಧಿ ಹೊಡೆದೆ" ಅಂತ ತಾವಾಗೇ ಹೇಳಿದಾಗ. ಎಲ್ಲವೂ ನೂರಕ್ಕೆ ನೂರು ಅನ್ನುವವರ ಹತ್ತಿರ ನಾನು ಸ್ವಲ್ಪ ಹುಷಾರಾಗಿರುತ್ತೇನೆ.

ಬೆಲ್ಲ ಕಪ್ಪಗಿದ್ರೆ ಸಾವಯವ, ಹಳದಿ ಇದ್ರೆ ಕೆಮಿಕಲ್. ಸರಿನಾ?

ಅರ್ಧ ಸರಿ. ಹೊನ್ನಿನ ಬಣ್ಣದ ಬೆಲ್ಲ ಬಹಳ ಸಲ 'ಹೈಡ್ರೋಸ್' ಅನ್ನುವ ಗಂಧಕದ ರಾಸಾಯನಿಕ ಹಾಕಿ ಬಿಳುಪು ಮಾಡಿದ್ದು. ಆ ಬಣ್ಣ ನಿಲ್ಲುವುದೂ ಇಲ್ಲ, ಗಾಳಿಗೆ ಇಟ್ಟು ಕೆಲವು ದಿನ ಕಳೆದರೆ ಮಂಕಾಗುತ್ತದೆ. ಗಂಧಕದ ಅಂಶ ಕಿಲೋಗೆ 70 ಮಿಲಿಗ್ರಾಂ ದಾಟಬಾರದು ಅಂತ ಕಾನೂನಿದೆ.

ಆದರೆ ಬರೀ ಕಪ್ಪಗಿದ್ದ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ. ಪಾಕ ಸೀದರೂ ಕಪ್ಪಾಗುತ್ತದೆ. ಕಬ್ಬಿನ ಹಾಲು ಸರಿಯಾಗಿ ಸೋಸದಿದ್ದರೂ ಕಪ್ಪಾಗುತ್ತದೆ. ಚೌಳು ಮಣ್ಣಿನ ಕಬ್ಬಾದರೆ ಬೆಲ್ಲ ಉಪ್ಪುಪ್ಪಾಗಿ, ಬೇಗ ನೀರು ಬಿಡುತ್ತದೆ. ಈಗ ಗಿರಾಕಿಗಳು ಕಪ್ಪು ಕೇಳುತ್ತಾರೆ ಅಂತ ಬೇಕಂತಲೇ ಕಪ್ಪು ಮಾಡುವವರೂ ಇದ್ದಾರೆ. ಒಳ್ಳೆ ಆಲೆಮನೆಯಲ್ಲಿ ಕಬ್ಬಿನ ಹಾಲಿನ ಮಡ್ಡಿ ತೆಗೆಯಲು ಬೆಂಡೆ ಗಿಡದ ಲೋಳೆ ಹಾಕುತ್ತಾರೆ. ಅಂಥ ಬೆಲ್ಲ ಕಂದು, ಕೆಂಗಂದು ಬಣ್ಣಕ್ಕೆ ಬರುತ್ತದೆ.

ಬಣ್ಣಕ್ಕಿಂತ ಬೆಲೆಯ ಲೆಕ್ಕ ಹೆಚ್ಚು ಹೇಳುತ್ತದೆ. ಒಂದು ಟನ್ ಕಬ್ಬಿಗೆ ಸುಮಾರು ನೂರು ಕಿಲೋ ಬೆಲ್ಲ ಬರುತ್ತದೆ. 2025–26ಕ್ಕೆ ಕೇಂದ್ರ ನಿಗದಿ ಮಾಡಿದ ಕಬ್ಬಿನ ದರ ಕ್ವಿಂಟಲ್‌ಗೆ 355 ರೂಪಾಯಿ. ಅಂದರೆ ಒಂದು ಕಿಲೋ ಬೆಲ್ಲದಲ್ಲಿ ಬರೀ ಕಬ್ಬಿನ ಬೆಲೆಯೇ 35 ರೂಪಾಯಿ ದಾಟಿತು. ಮೇಲೆ ಕಟಾವು, ಸಾಗಣೆ, ಆಲೆಮನೆಯ ಕೂಲಿ. ಯಾರಾದರೂ ನಲವತ್ತು ರೂಪಾಯಿಗೆ 'ಶುದ್ಧ ಮಂಡ್ಯ ಬೆಲ್ಲ' ಅಂದರೆ ಅದರಲ್ಲಿ ಸಕ್ಕರೆ ಎಷ್ಟು ಬೆರೆತಿದೆ ಅಂತ ಕೇಳಬೇಕಾಗುತ್ತದೆ. ಆಲೆಮನೆಗಳು ಮಂಡ್ಯ, ಪಾಂಡವಪುರದ ಸುತ್ತ ಇನ್ನೂ ಸಿಗುತ್ತವೆ. ಹೋಗಿ ಕೊಪ್ಪರಿಗೆ ಪಕ್ಕ ನಿಂತು ನೋಡಿ, ಬಿಸಿ ಬೆಲ್ಲವನ್ನೂ ಕೊಡ್ತಾರೆ.

ರಾಜಮುಡಿ ಅಕ್ಕಿ ಸೀದಾ ಗದ್ದೆಯಿಂದ ತಗೋಬಹುದಾ?

ತಗೋಬಹುದು, ಆದರೆ ಗದ್ದೆಯಲ್ಲಿರುವುದು ಭತ್ತ. ಅಡ್ಡಿ ಇರುವುದು ಗಿರಣಿಯಲ್ಲಿ. ದೊಡ್ಡ ಮಿಲ್ಲಿನವರು ಐದು ಮೂಟೆಗೆ ಯಂತ್ರ ಹಾಕುವುದಿಲ್ಲ, ಹಾಕಿದರೂ ಹಿಂದಿನವರ ಅಕ್ಕಿ ಬೆರೆಯುತ್ತದೆ. ಹಳ್ಳಿಯ ಸಣ್ಣ ಗಿರಣಿ ಹುಡುಕಬೇಕು. ನೂರು ಕಿಲೋ ಭತ್ತಕ್ಕೆ ಅರವತ್ತೈದು ಕಿಲೋ ಆಸುಪಾಸು ಅಕ್ಕಿ. ಪಾಲಿಶ್ ಇಲ್ಲದ ಅಕ್ಕಿಯಲ್ಲಿ ತೌಡಿನ ಎಣ್ಣೆ ಇರುವುದರಿಂದ ಎರಡು ಮೂರು ತಿಂಗಳಿಗೆ ಕಮಟು ವಾಸನೆ ಬರಬಹುದು. ಆದ್ದರಿಂದ ಭತ್ತ ರೈತರ ಮನೆಯಲ್ಲೇ ಇರಲಿ, ನೀವು ಪೂರ್ತಿ ದುಡ್ಡು ಕೊಟ್ಟು ಬೇಕಾದಾಗ ಸ್ವಲ್ಪ ಸ್ವಲ್ಪ ಗಿರಣಿ ಮಾಡಿಸಿ ತರಿಸಿಕೊಳ್ಳಿ. ಹೊಸ ಅಕ್ಕಿ ಮುದ್ದೆಯಾಗುತ್ತದೆ ಅನ್ನುವ ದೂರೂ ಇದರಿಂದ ತಪ್ಪುತ್ತದೆ.

ರಾಜಮುಡಿ ಒಂದಕ್ಕೇ ಅಂಟಿಕೊಳ್ಳಬೇಡಿ ಅನ್ನುವುದು ನನ್ನ ಕೋರಿಕೆ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ನೂರಾರು ದೇಸಿ ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದಿದ್ದಾರೆ. ರತ್ನಚೂಡಿ, ಗಂಧಸಾಲೆ ಹೆಸರುಗಳನ್ನು ನಾವು ಕೇಳಿಯಾದರೂ ಇದ್ದೇವೆ, ಅಲ್ಲಿ ಕೇಳದೇ ಇರುವವೇ ಹೆಚ್ಚು. ಗಿರಾಕಿಗಳೆಲ್ಲ ಒಂದೇ ಹೆಸರು ಜಪಿಸಿದರೆ ರೈತರೂ ಅದೊಂದನ್ನೇ ಬೆಳೆಯುತ್ತಾರೆ.

ಊರಾಚೆ ಮೋರಿ ನೀರಲ್ಲಿ ಸೊಪ್ಪು ಬೆಳೀತಾರಂತೆ. ಹತ್ತಿರದ್ದು ಅಂತ ಅದನ್ನೂ ತಿನ್ನಬೇಕಾ?

ಬೇಡ. ಹತ್ತಿರದ್ದೆಲ್ಲ ಒಳ್ಳೆಯದು ಅಂತ ಯಾರೂ ಹೇಳಿಲ್ಲ. ರೋಗಾಣು ತೊಳೆದು, ಬೇಯಿಸಿದರೆ ಹೋಗುತ್ತವೆ. ಕಾರ್ಖಾನೆ ನೀರು ಸೇರಿದ್ದರೆ ಅದರಲ್ಲಿನ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ತೊಳೆದರೂ ಹೋಗುವುದಿಲ್ಲ, ಸೊಪ್ಪು ಅವನ್ನು ಬೇರಿನಿಂದಲೇ ಎಳೆದುಕೊಂಡಿರುತ್ತದೆ. ನೀರು ಎಲ್ಲಿಯದು ಅಂತ ಮೊದಲು ಕೇಳಿ. ಬೈಯಬೇಕಾದ್ದು ರೈತನನ್ನಲ್ಲ, ಆ ನೀರನ್ನು ಶುದ್ಧ ಮಾಡದೆ ಬಿಟ್ಟ ಊರನ್ನು.

## ಗುಂಪಾಗಿ ಕೊಳ್ಳುವುದು

ನಮ್ಮ ಅಪಾರ್ಟ್‌ಮೆಂಟಲ್ಲಿ ನಲವತ್ತು ಮನೆ ಇವೆ. ಒಟ್ಟಿಗೆ ತರಿಸೋಕೆ ಹೇಗೆ ಶುರು ಮಾಡೋದು?

ನಲವತ್ತು ಬೇಡ, ಹತ್ತು ಮನೆಯಿಂದ ಶುರು ಮಾಡಿ. ವಾಟ್ಸಾಪಿನಲ್ಲಿ ಹೆಬ್ಬೆರಳು ಎತ್ತಿದವರೆಲ್ಲ ಗಿರಾಕಿಗಳಲ್ಲ. ಮೂರು ತಿಂಗಳ ದುಡ್ಡನ್ನೋ, ಕೊನೇ ಪಕ್ಷ ಒಂದು ತಿಂಗಳದ್ದನ್ನೋ ಮುಂಗಡ ಕೊಡುವವರನ್ನು ಮಾತ್ರ ಸೇರಿಸಿ. ಒಂದೇ ಊರಿನ ಎರಡು ಮೂರು ರೈತರ ಜೊತೆ ಮಾತಾಡಿ. ಒಬ್ಬರೇ ಆದರೆ ಅವರಿಗೆ ಜ್ವರ ಬಂದ ವಾರ ನಿಮಗೆ ಉಪವಾಸ.

ಆಮೇಲೆ ಕೂತು ಬಿತ್ತನೆ ಲೆಕ್ಕ ಹಾಕಬೇಕು. ಬಹಳ ಗುಂಪುಗಳು ಇದನ್ನು ಮಾಡುವುದೇ ಇಲ್ಲ, ಬೆಳೆದದ್ದನ್ನು ಕೊಳ್ಳಲು ಹೋಗುತ್ತವೆ. ಉದಾಹರಣೆಗೆ ಇಪ್ಪತ್ತು ಮನೆ, ಮನೆಗೆ ವಾರಕ್ಕೆ ಮೂರು ಕಟ್ಟು ಸೊಪ್ಪು ಅಂದರೆ ಅರವತ್ತು ಕಟ್ಟು. ಮೆಂತ್ಯ, ದಂಟು ತಿಂಗಳಿಗೆ ಕೈಗೆ ಬರುತ್ತವೆ. ಕೊತ್ತಂಬರಿಗೆ ಇನ್ನೂ ಹತ್ತು ದಿನ ಸೇರಿಸಿ. ಆದ್ದರಿಂದ ಒಂದೇ ಸಲ ಬಿತ್ತದೆ, ವಾರಕ್ಕೊಂದು ಮಡಿ ಬಿತ್ತಬೇಕು. ಬೆಂಡೆ ಒಂದೂವರೆ ತಿಂಗಳಿಗೆ ಶುರುವಾಗುತ್ತದೆ, ಟೊಮೆಟೊ ಸಸಿ ನೆಟ್ಟು ಎರಡು ತಿಂಗಳ ಮೇಲೆ. ಈ ಪಟ್ಟಿ ರೈತರಿಗೆ ಬಾಯಿಪಾಠ. ನೀವು ಹೇಳಬೇಕಾದ್ದು ಎಷ್ಟು ಬೇಕು, ಯಾವಾಗಿಂದ ಬೇಕು ಅನ್ನುವುದು ಮಾತ್ರ.

ಜಗಳ ಆಗುವುದು ಮೂರು ಕಡೆ. ಒಂದು, "ಈ ವಾರವೂ ಸೋರೆಕಾಯಾ?" ಸೋರೆಕಾಯಿ ಕಾಲದಲ್ಲಿ ಸೋರೆಕಾಯಿಯೇ ಬರುವುದು. ಬುಟ್ಟಿಯಲ್ಲಿ ಅರ್ಧ ರೈತರ ಆಯ್ಕೆ, ಅರ್ಧ ನಿಮ್ಮ ಆಯ್ಕೆ ಅಂತ ಮೊದಲೇ ಒಪ್ಪಿಕೊಳ್ಳಿ. ಎರಡು, ತೂತು ಬಿದ್ದ ಎಲೆ, ಡೊಂಕು ಕಾಯಿ. ಯಾವುದನ್ನು ವಾಪಸ್ ಮಾಡಬಹುದು, ಯಾವುದನ್ನು ಮಾಡಬಾರದು ಅಂತ ಬರೆದಿಟ್ಟುಕೊಳ್ಳಿ. ಕೊಳೆತದ್ದು ವಾಪಸ್, ಡೊಂಕಾದದ್ದು ಅಡುಗೆಗೆ. ಮೂರನೆಯದು ದಸರಾ ರಜೆ, ಬೇಸಿಗೆ ರಜೆ. ಅರ್ಧ ಅಪಾರ್ಟ್‌ಮೆಂಟು ಊರಿಗೆ ಹೋಗಿರುತ್ತದೆ, ಬೆಂಡೆಕಾಯಿಗೆ ರಜೆ ಇಲ್ಲ. ಹೋಗುವವರು ಪಾಲನ್ನು ಪಕ್ಕದ ಮನೆಗೋ ಕೆಲಸದವರಿಗೋ ಬರೆದುಕೊಟ್ಟು ಹೋಗಬೇಕು, ದುಡ್ಡು ನಿಲ್ಲಬಾರದು.

ದುಡ್ಡು ಅದೇ ದಿನ ಕೊಡಿ. ಇದನ್ನು ದಪ್ಪಕ್ಷರದಲ್ಲಿ ಬರೆಯಬೇಕು ಅನ್ನಿಸುತ್ತದೆ. ಮಂಡಿಯವನು ತೂಕದಲ್ಲಿ ಕಡಿತ ಮಾಡುತ್ತಾನೆ, ನಿಜ. ಆದರೆ ಮಗಳ ಫೀಸಿಗೆ ಅಂತ ರಾತ್ರಿ ಹೋಗಿ ಕೇಳಿದರೂ ಮುಂಗಡ ಕೊಡುತ್ತಾನೆ. ರೈತರು ಅವನನ್ನು ಬಿಡಲಾರದಿರುವುದು ಅದಕ್ಕೇ. "ನೆಟ್‌ವರ್ಕ್ ಇರಲಿಲ್ಲ, ನಾಳೆ ಹಾಕ್ತೀನಿ" ಅನ್ನುವ ಗುಂಪು ಅವನ ಜಾಗ ತುಂಬಲಾರದು.

ಅಡುಗೆಮನೆ ಕಸ ರೈತರಿಗೆ ಕೊಡಬಹುದಾ? ಗೊಬ್ಬರ ಆಗುತ್ತಲ್ಲ.

ಚೆನ್ನಾಗಿ ಬೇರ್ಪಡಿಸಿದ್ದರೆ ಮಾತ್ರ. ಪೇಟೆ ಗೊಬ್ಬರ ಬೇಡ ಅಂತ ರೈತರು ಅನ್ನುವುದು ಅದರಲ್ಲಿರುವ ಪ್ಲಾಸ್ಟಿಕ್ ಚೂರು, ಗಾಜು, ಬ್ಲೇಡಿಗೆ ಹೆದರಿ. ಕಟ್ಟಡದಲ್ಲೇ ಗೊಬ್ಬರ ಮಾಡಿ, ಜರಡಿ ಹಿಡಿದು, ತರಕಾರಿ ತಂದ ಗಾಡಿ ಖಾಲಿ ಹೋಗುವಾಗ ಅದರಲ್ಲೇ ಕಳಿಸಿ.

## ಬೆಳೆಯುವವರು ಕೇಳುವುದು

ನಂದು ಮೂವತ್ತು ಗುಂಟೆ. ಕಬ್ಬು ಬಿಟ್ಟು ತರಕಾರಿ ಹಾಕಲಾ?

ಪೂರ್ತಿ ಬಿಡಬೇಡಿ. ಕಬ್ಬಿಗೆ ಕಾರ್ಖಾನೆ ಇದೆ, ನಿಗದಿ ದರ ಇದೆ, ದುಡ್ಡು ತಡವಾದರೂ ಬರುತ್ತದೆ. ತರಕಾರಿಗೆ ಅದೊಂದೂ ಇಲ್ಲ, ಕೂಲಿ ಮಾತ್ರ ದಿನಾ ಬೇಕು. ಐದು ಗುಂಟೆಯಲ್ಲಿ ಸೊಪ್ಪು, ಬದನೆ, ತೊಂಡೆ ಚಪ್ಪರ ಹಾಕಿ ನೋಡಿ. ಖಾಯಂ ಗಿರಾಕಿ ಸಿಕ್ಕ ಮೇಲೆ ಹೆಚ್ಚಿಸಿ. ರಾಸಾಯನಿಕ ಒಮ್ಮೆಗೇ ನಿಲ್ಲಿಸಿದರೆ ಮೊದಲ ಎರಡು ಮೂರು ವರ್ಷ ಇಳುವರಿ ಬೀಳುವುದು ಸಹಜ. ಆ ವರ್ಷಗಳನ್ನು ದಾಟಿಸುವುದು ಸಗಣಿ ಗಂಜಲದ ಜೀವಾಮೃತ ಒಂದೇ ಅಲ್ಲ, ಕೈಯಲ್ಲಿರುವ ಬೇರೆ ಆದಾಯ. ಸಲಹೆಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ, ಮಂಡ್ಯದವರಿಗೆ ವಿ.ಸಿ. ಫಾರಂ ಇವೆ.

ನಾಟಿ ಬೀಜ ಎಲ್ಲಿ ಸಿಗುತ್ತೆ?

ದೇಸಿ ಬೀಜ ಉಳಿಸುವ ಸಂಸ್ಥೆ 'ಸಹಜ ಸಮೃದ್ಧ'ದವರು ಮೈಸೂರಿನಲ್ಲಿ ನಡೆಸುವ ಮೇಳಗಳಲ್ಲಿ. ನಂಜರಾಜ ಬಹದ್ದೂರ್ ಛತ್ರದ ಗೆಡ್ಡೆ ಗೆಣಸು ಮೇಳಕ್ಕೆ ಹೋದರೆ ಗೆಡ್ಡೆಗಳ ಜೊತೆ ಬೀಜವೂ ಸಿಗುತ್ತದೆ, ಬೀಜ ಇಟ್ಟುಕೊಂಡವರ ಪರಿಚಯವೂ ಆಗುತ್ತದೆ. ಈರನಗೆರೆ ಬದನೆಯಂಥ ಮೈಸೂರಿನದೇ ತಳಿ ಬೇಕಂದರೆ ಹೀಗೆ ಕೈಯಿಂದ ಕೈಗೇ ಬರಬೇಕು. ನಂಜನಗೂಡು ರಸಬಾಳೆಯ ವಿಷಯ ಬೇರೆ. ಭೌಗೋಳಿಕ ಗುರುತು ಸಿಕ್ಕಿದೆ, ಹೆಸರೂ ಇದೆ, ಆದರೆ ಪನಾಮಾ ಸೊರಗು ರೋಗ ಮಣ್ಣಿನಲ್ಲೇ ಉಳಿಯುತ್ತದೆ. ಕಂಡಕಂಡಲ್ಲಿ ಕಂದು ತಂದು ನೆಡಬೇಡಿ. ರೋಗವಿಲ್ಲದ ಅಂಗಾಂಶ ಕೃಷಿಯ ಸಸಿಯೇ ಆಗಬೇಕು.

ಹುರಿಹಿಟ್ಟು, ಹಪ್ಪಳ, ಬೆಲ್ಲ ಮಾರೋಕೆ ಲೈಸೆನ್ಸ್ ಬೇಕಾ?

ಬೆಳೆದ ಸೊಪ್ಪು, ಕಾಯಿ, ಕಾಳು ಹಾಗೇ ಮಾರಲು ರೈತರಿಗೆ ಆಹಾರ ಸುರಕ್ಷತೆ ಕಾನೂನಿನ ಲೈಸೆನ್ಸ್ ಬೇಡ. ಹುರಿದು, ಬೀಸಿ, ಕಾಯಿಸಿ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಸಣ್ಣ ವಹಿವಾಟಿಗೆ ವರ್ಷಕ್ಕೆ ನೂರು ರೂಪಾಯಿ ಶುಲ್ಕ. ದಲ್ಲಾಳಿ ಹಿಡಿದು ಮೂರು ಸಾವಿರ ಕೊಡಬೇಡಿ. ಯಂತ್ರ ಹಾಕುವುದಿದ್ದರೆ ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗಾಗಿ ಇರುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಇದೆ. ಮಂಡ್ಯಕ್ಕೆ ಅದರಲ್ಲಿ ಬೆಲ್ಲವೇ ಜಿಲ್ಲೆಯ ಉತ್ಪನ್ನ. ಸಂಸ್ಕರಣೆ ಕಲಿಯಲು ಬೇರೆ ಊರಿನವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಹುಡುಕಿಕೊಂಡು ಬರುತ್ತಾರೆ. ನಮ್ಮವರು ಅದರ ಗೇಟಿನ ಮುಂದೆಯೇ ಬಸ್ಸಿನಲ್ಲಿ ಹೋಗುತ್ತಾರೆ!

ಎಫ್‌ಪಿಒ ಸೇರಿದ್ರೆ ಏನು ಲಾಭ?

ಲೆಕ್ಕಪುಸ್ತಕ ತೋರಿಸುವ ಎಫ್‌ಪಿಒ ಆದರೆ ಲಾಭ ಇದೆ. ಕೇಂದ್ರ 2020ರಲ್ಲಿ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆ ಕಟ್ಟುವ ಯೋಜನೆ ತಂದಿತು, ಬಯಲು ಸೀಮೆಯಲ್ಲಿ ಕನಿಷ್ಠ 300 ಸದಸ್ಯರು ಇರಬೇಕು. ಬರೀ ಗೊಬ್ಬರ, ಬೀಜ ಮಾರುವ ಅಂಗಡಿಯಾಗಿ ನಿಂತವು ಹಲವು. ಸೇರುವ ಮೊದಲು ಒಂದೇ ಪ್ರಶ್ನೆ ಕೇಳಿ: ಹೋದ ವರ್ಷ ಸದಸ್ಯರ ಬೆಳೆ ಎಷ್ಟು ಕೊಂಡಿರಿ?

## ನೀರು, ನೆಲ, ಕಾನೂನು

ಕಾವೇರಿ ಗಲಾಟೆ ಆದಾಗಲೆಲ್ಲ ಮಂಡ್ಯದವರು ಭತ್ತ, ಕಬ್ಬು ಬಿಡಲಿ ಅಂತಾರೆ. ನಿಮಗೇನನ್ಸುತ್ತೆ?

ಹೇಳುವುದು ಸುಲಭ. ನಾಲೆ ಬಯಲಿನ ತಗ್ಗು ಗದ್ದೆಗಳಲ್ಲಿ ದಶಕಗಳಿಂದ ನೀರು ನಿಂತು ಜೌಗಾಗಿದೆ. ಅಲ್ಲಿ ರಾಗಿ ಹಾಕಿದರೆ ಬೇರು ಕೊಳೆಯುತ್ತದೆ. ಎತ್ತರದ ಕಡೆ, ನಾಲೆಯ ಕೊನೆ ಭಾಗದಲ್ಲಿ ಅರೆ ಖುಷ್ಕಿ ಬೆಳೆಗೆ ಹೋಗಬಹುದು, ಹೋಗಬೇಕು ಕೂಡ. ಮಳೆ ಕೈಕೊಟ್ಟ 2023ರಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನಾಲೆಗೆ ನೀರು ಹರಿಸಿದಾಗ ಕೊನೆ ಭಾಗದವರ ಪಾಡು ಎಲ್ಲರೂ ನೋಡಿದ್ದೇವೆ. ಕನ್ನಂಬಾಡಿಯ ಸಾಮರ್ಥ್ಯ 49.45 ಟಿಎಂಸಿ. ಅದರಲ್ಲೇ ಮೈಸೂರು, ಮಂಡ್ಯ, ಬೆಂಗಳೂರಿನ ನಲ್ಲಿ, ಅದರಲ್ಲೇ ವಿ.ಸಿ. ನಾಲೆ, ಅದರಲ್ಲೇ ತಮಿಳುನಾಡಿಗೆ 2018ರ ಸುಪ್ರೀಂ ಕೋರ್ಟ್ ತೀರ್ಪಿನ ಪಾಲು.

ಆದರೆ ರೈತ ಬೆಳೆ ಬದಲಿಸಬೇಕಾದರೆ ಬದಲಿ ಬೆಳೆಗೆ ಕಬ್ಬಿನಷ್ಟೇ ಖಚಿತವಾದ ಗಿರಾಕಿ ಇರಬೇಕು. ಉದ್ದು, ಹುರುಳಿ, ರಾಗಿಗೆ ಅಂಥ ಗಿರಾಕಿ ಇಲ್ಲ. ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಸಾಲಗಾರ ಬಾಗಿಲಲ್ಲಿರುತ್ತಾನೆ. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಬಿಡಿ ಅಂತ ಹೇಳಿ ಹೇಳಿ ವರ್ಷಗಳಾದವು. ತಂಬಾಕು ಮಂಡಳಿಯ ಹರಾಜು ಕಟ್ಟೆ ಇರುವವರೆಗೆ ಯಾಕೆ ಬಿಡುತ್ತಾರೆ? ಆ ತಂಬಾಕು ಕಿತ್ತ ಹೊಲದಲ್ಲೇ ಹಲವರು ಎರಡನೇ ಬೆಳೆಯಾಗಿ ರಾಗಿ ಬೆಳೆಯುತ್ತಾರೆ. ಮೊದಲು ಆ ರಾಗಿಯನ್ನಾದರೂ ಪೇಟೆಯವರು ಕೊಂಡರೆ ಮಾತಿಗೆ ಮುಖ ಬರುತ್ತದೆ.

ನಂಗೆ ಕೃಷಿ ಮಾಡೋ ಆಸೆ. ಜಮೀನು ತಗೊಳ್ಳಲಾ, ಗುತ್ತಿಗೆಗೆ ಹಿಡೀಲಾ?

2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದುಹಾಕಿದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಗುತ್ತಿಗೆ ಹಾಗಲ್ಲ. 1974ರಿಂದ ಕರ್ನಾಟಕದಲ್ಲಿ ಕೃಷಿ ಜಮೀನು ಗೇಣಿಗೆ ಕೊಡುವುದಕ್ಕೆ, ಕೆಲವು ವಿನಾಯಿತಿ ಬಿಟ್ಟರೆ, ನಿಷೇಧ ಇದೆ. ಬೆಳೆಯ ಪಾಲಿಗೆ, ಗುತ್ತಿಗೆಗೆ ಬಾಯಿಮಾತಲ್ಲಿ ಎಲ್ಲ ಕಡೆ ನಡೆಯುತ್ತದೆ, ಕಾಗದ ಇಲ್ಲ. ಹಾಗಾಗಿ ನಿಜವಾಗಿ ಉಳುವವರಿಗೆ ಬ್ಯಾಂಕ್ ಸಾಲವೂ ಇಲ್ಲ, ಬೆಳೆ ಪರಿಹಾರವೂ ಪಹಣಿ ಇದ್ದವರಿಗೇ ಹೋಗುತ್ತದೆ.

ನನ್ನನ್ನು ಕೇಳಿದರೆ, ಕೊಳ್ಳುವ ಮೊದಲು ಒಂದು ವರ್ಷ ಒಬ್ಬ ರೈತರ ಗಿರಾಕಿಯಾಗಿ ಅವರ ಹೊಲಕ್ಕೆ ಹೋಗಿ ಬನ್ನಿ. ವಾರಾಂತ್ಯದ ಫಾರಂಹೌಸುಗಳು ಸುತ್ತಲಿನ ಜಮೀನಿನ ರೇಟು ಏರಿಸಿಬಿಟ್ಟಿವೆ. ಪಕ್ಕದ ಹೊಲದವರ ಮಗ ಇನ್ನು ಹತ್ತು ಗುಂಟೆ ಕೊಳ್ಳುವ ಆಸೆಯನ್ನೇ ಬಿಟ್ಟಿದ್ದಾನೆ.

ನಮ್ಮ ಬಡಾವಣೆ ಪಕ್ಕದ ಗದ್ದೆಯೆಲ್ಲ ಸೈಟ್ ಆಗ್ತಿದೆ. ನಾವು ತರಕಾರಿ ಕೊಂಡ್ರೆ ಅದು ನಿಲ್ಲುತ್ತಾ?

ನಿಲ್ಲುವುದಿಲ್ಲ. 2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಶುರುವಾದ ಮೇಲಂತೂ ಶ್ರೀರಂಗಪಟ್ಟಣ, ಮದ್ದೂರಿನ ರಸ್ತೆ ಬದಿ ಗದ್ದೆ ನೋಡಿದವರಿಗೆಲ್ಲ ಲೇಔಟೇ ಕಾಣುತ್ತದೆ. ಒಂದು ಎಕರೆ ಮಾರಿದರೆ ಬರುವ ದುಡ್ಡನ್ನು ಬದನೆಕಾಯಿ ಯಾವ ಜನ್ಮದಲ್ಲೂ ತರುವುದಿಲ್ಲ. ಮಾರಿದ ರೈತನನ್ನು ದೂರಲು ನನಗೆ ಬಾಯಿ ಬರುವುದಿಲ್ಲ, ನಾವೂ ಅಂಥದ್ದೇ ಲೇಔಟಿನಲ್ಲಿ ಕೂತು ಮಾತಾಡುತ್ತಿದ್ದೇವೆ.

ಮಾಡಬಹುದಾದ್ದು ಬೇರೆ ಇದೆ. ಕೃಷಿ ಜಮೀನು ಬೇರೆ ಬಳಕೆಗೆ ಹೋಗಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಪರಿವರ್ತನೆ ಆಗಬೇಕು. ಊರಿನ ಮಹಾಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಜನರಿಗೆ ಕಾಲಾವಕಾಶ ಇರುತ್ತದೆ. ಆಗ ಸಲ್ಲಿಸುವವರು ಬಹುತೇಕ ಸೈಟು ಮಾಡುವವರೇ. ಕರಡಿನ ನಕ್ಷೆಯಲ್ಲಿ ನಿಮ್ಮ ಸುತ್ತಿನ ಕೆರೆ, ಕೆರೆಗೆ ನೀರು ತರುವ ಕಾಲುವೆ, ಹಸಿರು ವಲಯದ ಗೆರೆ ಎಲ್ಲಿದೆ ಅಂತ ನೋಡಿ, ಸರ್ವೆ ನಂಬರ್ ಸಮೇತ ಬರೆದು ಕೊಡಿ. ಕಾಲುವೆ ಮುಚ್ಚಿದರೆ ಮಾರದೇ ಉಳಿದ ರೈತರೂ ಮಾರಲೇಬೇಕಾಗುತ್ತದೆ. ಅವರ ಗದ್ದೆಗೆ ನೀರು ಹತ್ತುವುದಿಲ್ಲ, ಮಳೆಗಾಲದಲ್ಲಿ ಲೇಔಟಿನ ಮೋರಿ ನೀರು ಅಲ್ಲಿಗೇ ನುಗ್ಗುತ್ತದೆ. ಪಾಲಿಕೆಗೆ ಇನ್ನೊಂದು ಅರ್ಜಿಯನ್ನೂ ಹಾಕಬಹುದು: ಬಡಾವಣೆಯ ಪಾರ್ಕಿನ ಪಕ್ಕ ವಾರಕ್ಕೊಂದು ಬೆಳಗ್ಗೆ, ಸುಂಕ ಇಲ್ಲದೆ, ನೆರಳು ನೀರು ಇರುವ ಜಾಗ ರೈತರ ಸಂತೆಗೆ. ಹೆಣ್ಣುಮಕ್ಕಳೇ ಹೆಚ್ಚು ಬರುವುದರಿಂದ ಶೌಚಾಲಯವನ್ನೂ ಅರ್ಜಿಯಲ್ಲಿ ಸೇರಿಸಿ, ಅದನ್ನೇ ಎಲ್ಲರೂ ಮರೆಯುವುದು.